ಆಕ್ಟೇವಿಯಾ ಆರ್‌ಎಸ್ ಗೇರ್‌ಬಾಕ್ಸ್ ಗಟ್ಟಿ ಮಾಡಿದ ಕೆಲಸ

ಬೆಂಗಳೂರಿನ ನಮ್ಮ ಗ್ಯಾರೇಜಿಗೆ ಬಂದಿದ್ದು ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್. ಕಂಪನಿಯಿಂದ ಬರುವಾಗ 150 ಪಿಎಸ್ ಪವರ್, 210 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಮಾಲೀಕರು ದೊಡ್ಡ ಟರ್ಬೊ ಹಾಕಿಸಿ ಟಾರ್ಕನ್ನು 320ರ ಹತ್ತಿರ ತಂದಿದ್ದರು. ಗೇರ್‌ಬಾಕ್ಸ್ ಮಾತ್ರ ಅದೇ ಐದು ಗೇರಿನ 02ಜೆ. ಇದು ಎಂಕ್ಯೂ250 ಕುಟುಂಬದ್ದು. ಆ 250 ಅಂದರೆ ಅದು ತಡೆಯಬೇಕಾದ ಟಾರ್ಕಿನ ಅಂದಾಜು.

ಬಿಚ್ಚುವ ಮುಂಚೆ ಒಂದು ಲೆಕ್ಕ ಹಾಕಿಬಿಡೋಣ. 02ಜೆಯಲ್ಲಿ ಮೊದಲ ಗೇರಿನ ಅನುಪಾತ ಸಾಮಾನ್ಯವಾಗಿ 3.3, ಫೈನಲ್ ಡ್ರೈವ್ (ಚಕ್ರಕ್ಕೆ ಹೋಗುವ ಮುಂಚಿನ ಕೊನೆಯ ಗೇರ್ ಜೋಡಿ) 3.9ರ ಆಸುಪಾಸು. 320ನ್ನು ಇವೆರಡರಿಂದ ಗುಣಿಸಿದರೆ ಆ ಕೊನೆಯ ಜೋಡಿಯ ದೊಡ್ಡ ಗೇರು, ಅಂದರೆ ಕ್ರೌನ್ ಗೇರಿನ ಮೇಲೆ ಸುಮಾರು 4,100 ನ್ಯೂಟನ್ ಮೀಟರ್ ಬೀಳುತ್ತದೆ. ಅದೂ ನಯವಾಗಿ ಓಡಿಸಿದಾಗ. ಕ್ಲಚ್ ತಟ್ಟನೆ ಬಿಟ್ಟರೆ, ಟೈರು ಜಾರಿ ಮತ್ತೆ ರಸ್ತೆ ಕಚ್ಚಿದರೆ, ಆ ಕ್ಷಣಕ್ಕೆ ಇನ್ನೂ ಜಾಸ್ತಿ. ಗೇರ್‌ಬಾಕ್ಸ್ ಹೋಗೋದು ಹೆಚ್ಚಾಗಿ ಇಂಥ ಹೊಡೆತಕ್ಕೆ, ಬರೀ ಪವರ್‌ಗೆ ಅಲ್ಲ.

ಹಾಗಾಗಿ ನಾನು ಮೊದಲು ಕೈ ಹಾಕಿದ್ದು ಗೇರ್‌ಬಾಕ್ಸಿನ ಹೊರಗೆ. ಎಂಜಿನ್ ಅಲುಗದಂತೆ ಹಿಡಿಯುವ ಕೆಳಗಿನ ಮೌಂಟಿಗೆ ಗಟ್ಟಿ ಪಾಲಿಯುರೆಥೇನ್ ಬುಷ್ ಹಾಕಿದೆ. ಐಡಲ್‌ನಲ್ಲಿ ಸ್ಟೇರಿಂಗ್ ಸ್ವಲ್ಪ ನಡುಗುತ್ತದೆ, ಆದರೆ ಎಳೆಯುವಾಗ ಮುಂದಿನ ಚಕ್ರ ಕುಣಿಯೋದು ಕಡಿಮೆಯಾಗುತ್ತದೆ. ಮಾಲೀಕರಿಗೆ ಆರು ತುಂಡಿನ ಸೆರಾಮಿಕ್ ಕ್ಲಚ್ ಪ್ಲೇಟ್ ಬೇಕಿತ್ತು. ಅದು ತಟ್ಟನೆ ಕಚ್ಚುತ್ತದೆ. ‘ಬೇಡ ಸಾರ್, ಟ್ರಾಫಿಕ್‌ನಲ್ಲಿ ಕಾಲೂ ನೋಯುತ್ತೆ, ಗೇರೂ ಒಡೆಯುತ್ತೆ’ ಅಂದೆ. ನಡುವೆ ಹೊಡೆತ ತಡೆಯುವ ಸ್ಪ್ರಿಂಗ್ ಇರುವ ಮಾಮೂಲಿ ಪ್ಲೇಟಿಗೇ, ಅದನ್ನು ಒತ್ತಿ ಹಿಡಿಯುವ ಬಿಗಿ ಪ್ರೆಷರ್ ಪ್ಲೇಟ್ ಕೂಡಿಸಿದೆ. ಒಂದು, ಎರಡನೇ ಗೇರಿನಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಕಡಿಮೆ ಇರುವ ಹಾಗೆ ಎಂಜಿನ್ ಕಂಪ್ಯೂಟರ್ ಆದ ಇಸಿಯು ಮ್ಯಾಪ್ ಮಾಡಿಸಿದೆವು. ಮೊದಲ ಗೇರಿನಲ್ಲಿ ಪೂರ್ತಿ ಟಾರ್ಕ್ ಕೊಟ್ಟರೂ ಟೈರು ಸುಮ್ನೆ ಹೊಗೆ ಬಿಡುತ್ತದೆ, ಅಷ್ಟೇ ಅಲ್ವಾ?

ಒಳಗೆ ಮುಖ್ಯ ಕೆಲಸ ಇರೋದು ಎರಡು ಚಕ್ರಕ್ಕೂ ಬಲ ಹಂಚುವ ಡಿಫರೆನ್ಷಿಯಲ್‌ನಲ್ಲಿ. 02ಜೆಯಲ್ಲಿ ಕ್ರೌನ್ ಗೇರನ್ನು ಡಿಫರೆನ್ಷಿಯಲ್ ಹೌಸಿಂಗಿಗೆ ಬೋಲ್ಟ್ ಮಾಡಿರೋದಿಲ್ಲ, ರಿವೆಟ್ ಹೊಡೆದಿರುತ್ತಾರೆ. ಮಾಮೂಲಿ ಪವರ್‌ಗೆ ಅದು ಧಾರಾಳವಾಗಿ ಸಾಕು. ಪವರ್ ಏರಿಸಿ ಹೊಡೆತ ಕೊಡುತ್ತಾ ಹೋದರೆ ರಿವೆಟ್ ತಲೆ ಕತ್ತರಿಸಿ ಹಾರಿ ಕೇಸಿಗೇ ತೂತು ಬೀಳಬಹುದು. ನಾನು ಪ್ರತಿ ತಲೆಯ ನಟ್ಟನಡುವೆ ಪಂಚ್ ಮಾಡಿ, ಡ್ರಿಲ್ ಹಾಕಿ, ಉಳಿದದ್ದನ್ನು ಪ್ರೆಸ್‌ನಲ್ಲಿ ತಳ್ಳಿದೆ. ಹಳೆಯ ಡಿಫರೆನ್ಷಿಯಲ್ ಬದಲು ಹೆಲಿಕಲ್ (ಓರೆ ಹಲ್ಲಿನ) ಗೇರಿನ ಲಿಮಿಟೆಡ್ ಸ್ಲಿಪ್ ಹಾಕಿದೆ, ಒಂದೇ ಚಕ್ರ ಸುಮ್ನೆ ಸುತ್ತೋದನ್ನು ತಡೆಯುವ ಡಿಫರೆನ್ಷಿಯಲ್ ಅದು. ಇದಕ್ಕೆ ಬೋಲ್ಟೇ ಬರುತ್ತದೆ. ಕ್ರೌನನ್ನು ಸುಮಾರು 100 ಡಿಗ್ರಿಗೆ ಬಿಸಿ ಮಾಡಿದರೆ ಹೊಡೆಯದೆಯೇ ಜಾರಿ ಕೂರುತ್ತದೆ. ಕೂತ ತಕ್ಷಣ ತೂತುಗಳು ನೇರ ಇವೆಯಾ ನೋಡಬೇಕು, ತಣ್ಣಗಾದರೆ ಅಲುಗೋದೇ ಇಲ್ಲ. ಆಮೇಲೆ ಲಾಕಿಂಗ್ ಕಾಂಪೌಂಡ್ ಹಚ್ಚಿ, ಎದುರು-ಬದುರು ಬೋಲ್ಟುಗಳನ್ನು ಹಂತ ಹಂತವಾಗಿ ಬಿಗಿ ಮಾಡಿದೆ.

ಡಿಫರೆನ್ಷಿಯಲ್ ಬದಲಾಯಿಸಿದ ಮೇಲೆ ಹಳೆಯ ಶಿಮ್ (ಅಂತರ ಸರಿಹೊಂದಿಸುವ ತೆಳು ಉಂಗುರ) ಹಾಗೇ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ಕಡೆಯೂ ಟೇಪರ್ ಬೇರಿಂಗ್. ಪ್ರೀಲೋಡ್, ಅಂದರೆ ಬೇರಿಂಗ್ ಮೇಲೆ ಮೊದಲೇ ಕೊಟ್ಟ ಒತ್ತಡ, ಸಡಿಲವಾದರೆ ಲೋಡ್ ಬಿದ್ದಾಗ ಕ್ರೌನ್ ಪಕ್ಕಕ್ಕೆ ಸರಿದು ಹಲ್ಲಿನ ಅಂಚಿನ ಮೇಲೆ ಭಾರ ಬೀಳುತ್ತದೆ. ಡಯಲ್ ಗೇಜ್ ಇಟ್ಟು ಆಟ ಅಳೆದು, ಅದಕ್ಕೆ ತಕ್ಕ ಶಿಮ್ ಆರಿಸಿದೆ. ಬೇಸರದ ಕೆಲಸ, ಆದರೆ ಗೇರ್‌ಬಾಕ್ಸಿನ ಆಯಸ್ಸು ನಿಂತಿರೋದು ಇಲ್ಲೇ.

ಗೇರುಗಳನ್ನು ಪೀಣ್ಯಕ್ಕೆ ಕಳಿಸಿದೆ. ಮ್ಯಾಗ್ನೆಟಿಕ್ ಟೆಸ್ಟ್‌ನಲ್ಲಿ ಬಿರುಕು ಇಲ್ಲ ಅಂತಾದ ಮೇಲೆ ಶಾಟ್ ಪೀನಿಂಗ್. ಹಲ್ಲು ಮುರಿಯುವ ಬಿರುಕು ಹೆಚ್ಚಾಗಿ ಬುಡದಲ್ಲೇ ಹುಟ್ಟುತ್ತದೆ. ಸಣ್ಣ ಉಕ್ಕಿನ ಗುಂಡು ಹೊಡೆದಾಗ ಅಲ್ಲಿನ ಮೇಲ್ಪದರ ಒತ್ತಿಕೊಂಡು, ಬಿರುಕು ಬಾಯಿ ತೆರೆಯೋದು ಕಷ್ಟವಾಗುತ್ತದೆ. ಬೇರಿಂಗ್ ಕೂರುವ ಜಾಗ, ಗೇರ್ ನಯವಾಗಿ ಬೀಳಿಸುವ ಸಿಂಕ್ರೊದ ಕೋನ್ ಎರಡನ್ನೂ ಮುಚ್ಚಿ ಕೊಡಬೇಕು. ಸ್ಟ್ರೈಟ್ ಕಟ್ (ನೇರ ಹಲ್ಲಿನ) ಗೇರ್ ಕೇಳಿದವರಿಗೆ ನಾನು ಹೇಳೋದು ಇಷ್ಟೇ: ರೇಸಿಗೆ ಸರಿ, ಮನೆಯವರನ್ನು ಕೂರಿಸಿಕೊಂಡು ಮೈಸೂರಿಗೆ ಹೋಗೋಕೆ ಆ ಕಿರುಚಾಟ ಆಗಲ್ಲ.

ಜೋಡಿಸುವಾಗ ಬೇರಿಂಗ್, ಸೀಲ್ ಎಲ್ಲ ಹೊಸದು. ಎಣ್ಣೆ 75ಡಬ್ಲ್ಯೂ-90 ದಪ್ಪದ್ದು, ಜಿಎಲ್-4 ದರ್ಜೆ, ಹತ್ತಿರ ಹತ್ತಿರ ಎರಡು ಲೀಟರ್. ನಂಬರ್ ದೊಡ್ಡದು ಅಂತ ಜಿಎಲ್-5 ಸುರಿಯಬೇಡಿ. ಅದರ ಜಾರು ಗುಣಕ್ಕೆ ಸಿಂಕ್ರೊ ಹಿಡಿಯೋದಿಲ್ಲ, ಕೆಲವು ಎಣ್ಣೆಗಳ ಗಂಧಕ ಹಿತ್ತಾಳೆಯನ್ನೂ ತಿನ್ನುತ್ತದೆ.

400 ನ್ಯೂಟನ್ ಮೀಟರ್ ದಾಟಬೇಕು ಅನ್ನುವವರಿಗೆ ನಾನು ಈ ಬಾಕ್ಸ್ ಮುಟ್ಟೋದೇ ಇಲ್ಲ. ಆರು ಗೇರಿನ 02ಎಂ ಹುಡುಕಿ ಅನ್ನುತ್ತೇನೆ, ಅದು ಎಂಕ್ಯೂ350. ಮೌಂಟ್, ಆಕ್ಸಲ್, ಕ್ಲಚ್ ಎಲ್ಲ ಬದಲಾಗುತ್ತದೆ, ಬಿಲ್ಲೂ ಬೆಳೆಯುತ್ತದೆ. ಆದರೂ 02ಜೆಗೆ ಮತ್ತೆ ಮತ್ತೆ ದುಡ್ಡು ಸುರಿಯೋದಕ್ಕಿಂತ ಅಗ್ಗ.