ಲೇಸರ್ ಪ್ರಿಂಟರನ್ನು ಈಥರ್‌ನೆಟ್‌ಗೆ ಹಾಕಿದ ಬಗೆ

ಯುಎಸ್‌ಬಿ ಕೇಬಲ್‌ನಲ್ಲಿ ಒಂದೇ ಕಂಪ್ಯೂಟರಿಗೆ ಅಂಟಿಕೊಂಡಿದ್ದ ಲೇಸರ್ ಪ್ರಿಂಟರನ್ನು ನೆಟ್‌ವರ್ಕ್‌ನ ಎಲ್ಲ ಕಂಪ್ಯೂಟರುಗಳಿಗೂ ಸಿಗುವಂತೆ ಮಾಡಿದ್ದು ಹೀಗೆ. ಆ ಕಂಪ್ಯೂಟರಿನಿಂದಲೇ ಶೇರ್ ಮಾಡಬಹುದಿತ್ತು. ಆದರೆ ಅದು ಆಫ್ ಆದರೆ ಉಳಿದವರಿಗೂ ಪ್ರಿಂಟ್ ಇಲ್ಲ. ಪ್ರಿಂಟರಿನ ಹಿಂದೆ ಆರ್‌ಜೆ45 ಪೋರ್ಟ್ (ಈಥರ್‌ನೆಟ್ ಕೇಬಲ್ ಸಿಕ್ಕಿಸುವ ಜಾಗ) ಇದ್ದಮೇಲೆ ಆ ಉಸಾಬರಿ ಯಾಕೆ?

ಕೇಬಲ್ ಕ್ಯಾಟ್ 5ಇ ದರ್ಜೆಯದಾದರೆ ಸಾಕು. ಸ್ವಿಚ್‌ನಿಂದ (ನೆಟ್‌ವರ್ಕ್ ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ಪ್ರಿಂಟರ್‌ವರೆಗೆ 100 ಮೀಟರ್ ದಾಟಬಾರದು. ಎರಡೂ ತುದಿಗೆ ಟಿ568ಬಿ ಎಂಬ ಬಣ್ಣಗಳ ಕ್ರಮದಲ್ಲೇ ಪ್ಲಗ್ ಒತ್ತಿ ಕೂರಿಸಿ ಕ್ರಿಂಪ್ ಮಾಡಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ನೇ ಪಿನ್‌ಗಳಲ್ಲಿ ಕೂರುವುದೇ ಇಲ್ಲಿನ ಮರ್ಮ. ಬಣ್ಣಗಳನ್ನು ಜೋಡಿಜೋಡಿಯಾಗಿ ಸಾಲಾಗಿ ತುರುಕಿದರೆ ಅಗ್ಗದ ಟೆಸ್ಟರ್‌ನಲ್ಲಿ ಎಂಟೂ ದೀಪ ಸರಿಯಾಗಿಯೇ ಹತ್ತುತ್ತವೆ, ಗಿಡ್ಡ ಕೇಬಲ್ ಆದರೆ ಕೆಲಸವನ್ನೂ ಮಾಡುತ್ತದೆ. ಉದ್ದವಾದಂತೆ ಜೋಡಿ ತಪ್ಪಿದ ತಂತಿಗಳ ಸಿಗ್ನಲ್ ಒಂದಕ್ಕೊಂದು ನುಗ್ಗಿ ಲಿಂಕ್ ಬಿದ್ದು ಏಳತೊಡಗುತ್ತದೆ.

ಲಿಂಕ್ ದೀಪ ಹತ್ತಿದ ಮೇಲೆ ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವಿವರಗಳ ಪುಟವನ್ನು ಪ್ರಿಂಟ್ ತೆಗೆದೆ. ಅದರಲ್ಲಿ ಐಪಿ ವಿಳಾಸವೂ (ನೆಟ್‌ವರ್ಕ್‌ನಲ್ಲಿ ಪ್ರಿಂಟರಿನ ಸಂಖ್ಯೆ) ಮ್ಯಾಕ್ ವಿಳಾಸವೂ (ಆ ಯಂತ್ರದ್ದೇ ಆದ ಗುರುತು) ಇರುತ್ತವೆ. ಐಪಿ 169.254ರಿಂದ ಶುರುವಾಗಿದ್ದರೆ ರೌಟರ್ ತಾನಾಗಿ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲವೆಂದು ಅರ್ಥ. ಕೇಬಲ್ಲನ್ನೂ ಸ್ವಿಚ್ಚನ್ನೂ ಮತ್ತೆ ನೋಡಬೇಕು.

ಈ ಕೆಲಸದಲ್ಲಿ ನಿಜಕ್ಕೂ ಮುಖ್ಯವಾದದ್ದು ಒಂದೇ: ಪ್ರಿಂಟರಿನ ವಿಳಾಸ ಕದಲಬಾರದು. ಅದನ್ನು ಪ್ರಿಂಟರಿನಲ್ಲೇ ಬರೆದು ಕೂರಿಸಬಹುದು. ನಾನು ರೌಟರಿನ ಡಿಎಚ್‌ಸಿಪಿ ರಿಸರ್ವೇಶನ್ ಪುಟದಲ್ಲಿ ಮ್ಯಾಕ್ ವಿಳಾಸ ಕೊಟ್ಟು 192.168.1.50 ಕಾಯ್ದಿರಿಸಿದೆ. ಹೀಗಿದ್ದರೆ ಪ್ರಿಂಟರನ್ನು ಯಾರಾದರೂ ಫ್ಯಾಕ್ಟರಿ ರಿಸೆಟ್ ಮಾಡಿದರೂ ಅದೇ ವಿಳಾಸ ಮರಳಿ ಸಿಗುತ್ತದೆ. ಕಾಯ್ದಿರಿಸುವ ವಿಳಾಸ ಡಿಎಚ್‌ಸಿಪಿ ಹಂಚುವ ವ್ಯಾಪ್ತಿಯೊಳಗೇ ಇರಬೇಕೆಂದು ಕೆಲವು ರೌಟರುಗಳು ಹಟ ಹಿಡಿಯುತ್ತವೆ. ಪ್ರಿಂಟರಿನಲ್ಲೇ ಕೂರಿಸುವುದಾದರೆ ಮಾತ್ರ ಅದು ವ್ಯಾಪ್ತಿಯ ಹೊರಗಿರಲೇಬೇಕು. ವೈಫೈಗೂ ತಂತಿಗೂ ಮ್ಯಾಕ್ ಬೇರೆಬೇರೆ, ತಂತಿಯದ್ದನ್ನೇ ಕೊಡಬೇಕು. ವೈಫೈ ಆಫ್ ಮಾಡಿಬಿಟ್ಟರೆ ಗೊಂದಲವೇ ಇಲ್ಲ.

ವಿಂಡೋಸ್‌ನಲ್ಲಿ ಪ್ರಿಂಟರ್ ತಾನಾಗಿ ಪಟ್ಟಿಯಲ್ಲಿ ಕಾಣಿಸಿಕೊಂಡರೂ ಅದನ್ನು ಒತ್ತಲಿಲ್ಲ. ಹಾಗೆ ಸೇರಿಸಿದರೆ ಸಾಮಾನ್ಯವಾಗಿ ಡಬ್ಲ್ಯುಎಸ್‌ಡಿ ಪೋರ್ಟ್ ಬರುತ್ತದೆ. ಅದು ಪ್ರಿಂಟರನ್ನು ಹುಡುಕಿ ಹಿಡಿಯುವ ವ್ಯವಸ್ಥೆ. ಹುಡುಕಾಟ ಸೋತಾಗ ಪ್ರಿಂಟರ್ ಎದುರಿಗೇ ಇದ್ದರೂ 'ಆಫ್‌ಲೈನ್' ಎನ್ನುತ್ತದೆ. ಮ್ಯಾನ್ಯುಯಲ್ ಆಗಿ ಟಿಸಿಪಿ/ಐಪಿ ಪೋರ್ಟ್ ಆರಿಸಿ, ವಿಳಾಸ ಕೊಟ್ಟು, ರಾ ವಿಧಾನ (ಕಳಿಸಿದ್ದನ್ನು ಹಾಗೆಯೇ ಪ್ರಿಂಟರಿಗೆ ತಲುಪಿಸುವುದು), ಪೋರ್ಟ್ ಸಂಖ್ಯೆ 9100 ಇಟ್ಟೆ. ಪೋರ್ಟಿನ ಸೆಟ್ಟಿಂಗ್‌ನಲ್ಲಿ ಎಸ್‌ಎನ್‌ಎಂಪಿ (ಪ್ರಿಂಟರಿನ ಸ್ಥಿತಿ ಕೇಳುವ ವಿಧಾನ) ಸ್ಥಿತಿಯ ಟಿಕ್ ತೆಗೆದೆ, ಆ ಪ್ರಶ್ನೆಗೆ ಪ್ರಿಂಟರ್ ಸರಿಯಾಗಿ ಉತ್ತರಿಸದಿದ್ದರೂ 'ಆಫ್‌ಲೈನ್' ಕಾಟ ಬರುತ್ತದೆ. ಲಿನಕ್ಸ್‌ನಲ್ಲಿ ಕಪ್ಸ್ ಎಂಬ ಪ್ರಿಂಟ್ ವ್ಯವಸ್ಥೆಯ ಮೂಲಕ ಅದೇ 9100, ಇಲ್ಲವೇ ಪ್ರಿಂಟರಿನಲ್ಲಿ ಐಪಿಪಿ ಎಂಬ ಪ್ರಿಂಟ್ ವಿಧಾನ ಇದ್ದರೆ 631.

ಪ್ರಿಂಟ್ ಬರದಿದ್ದರೆ ಮೊದಲು ಪಿಂಗ್ (ಆ ವಿಳಾಸದಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್). ಉತ್ತರ ಬಂದೂ ಹಾಳೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಸುರಿದರೆ ತಂತಿಯ ತಪ್ಪಲ್ಲ, ಡ್ರೈವರ್ ಬೇರೆ ಭಾಷೆಯಲ್ಲಿ ಕಳಿಸುತ್ತಿದೆ: ಪಿಸಿಎಲ್ ಭಾಷೆಯ ಪ್ರಿಂಟರಿಗೆ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯದು ಹೋಗಿರುತ್ತದೆ. ಒಮ್ಮೆ ಬಂದು ಒಮ್ಮೆ ಬರದಿದ್ದರೆ ಪ್ರಿಂಟರ್ ಆಫ್ ಮಾಡಿ ಪಿಂಗ್ ಮಾಡಬೇಕು. ಆಗಲೂ ಉತ್ತರ ಬಂದರೆ ಅದೇ ವಿಳಾಸ ಬೇರೊಂದು ಸಾಧನದಲ್ಲೂ ಇದೆ. ಯಾವುದರಲ್ಲಿ ಎಂಬುದು ಎಆರ್‌ಪಿ ಪಟ್ಟಿಯ (ಯಾವ ಐಪಿ ಯಾವ ಮ್ಯಾಕ್‌ನದು ಎಂದು ಕಂಪ್ಯೂಟರ್ ಇಟ್ಟುಕೊಳ್ಳುವ ಪಟ್ಟಿ) ಮ್ಯಾಕ್ ವಿಳಾಸದಿಂದ ಗೊತ್ತಾಗುತ್ತದೆ.

ಕೆಲವೇ ಕಂಪ್ಯೂಟರುಗಳಿಗೆ ಸಿಗದಿದ್ದರೆ ಅವು ಅತಿಥಿಗಳಿಗೆಂದು ಪ್ರತ್ಯೇಕಿಸಿದ ಗೆಸ್ಟ್ ವೈಫೈನಲ್ಲಿವೆಯೇ ನೋಡಿ. ಎರಡನೇ ರೌಟರ್ ಇದ್ದರೆ ಅನುಮಾನ ಅದರ ಮೇಲೆ: ಅದು ತನ್ನದೇ ಪ್ರತ್ಯೇಕ ನೆಟ್‌ವರ್ಕ್ ಕಟ್ಟಿಕೊಂಡಿರುತ್ತದೆ. ಅದರ ಡಿಎಚ್‌ಸಿಪಿ ನಿಲ್ಲಿಸಿ, ಮೊದಲ ರೌಟರಿನ ಸಾಲಿನದೇ ಬೇರೊಂದು ಖಾಲಿ ವಿಳಾಸ ಕೊಟ್ಟು, ಕೇಬಲ್ಲನ್ನು ವ್ಯಾನ್ (ಇಂಟರ್‌ನೆಟ್ ಬದಿಯ) ಬದಲು ಲ್ಯಾನ್ (ಒಳ ನೆಟ್‌ವರ್ಕ್ ಬದಿಯ) ಪೋರ್ಟಿಗೆ ಹಾಕಿದರೆ ಎಲ್ಲವೂ ಒಂದೇ ನೆಟ್‌ವರ್ಕ್‌ಗೆ ಬರುತ್ತವೆ.

ಪ್ರಿಂಟರಿನ ವೆಬ್ ಪುಟಕ್ಕೆ ಬೇರೆ ಪಾಸ್‌ವರ್ಡ್ ಇಟ್ಟೆ. ದೂರದಿಂದ ಪ್ರಿಂಟ್ ಕೊಡಬೇಕೆಂದು ರೌಟರಿನಲ್ಲಿ 9100 ಅನ್ನು ಇಂಟರ್‌ನೆಟ್ಟಿಗೆ ತೆರೆಯಲೇಬಾರದು: ಆ ಪೋರ್ಟ್ ನೀವು ಯಾರೆಂದು ಕೇಳದೆ ಬಂದದ್ದನ್ನೆಲ್ಲ ಪ್ರಿಂಟ್ ಮಾಡುತ್ತದೆ.