31ನೇ ವಿಧಿಗೆ ಗುಂಡುಸೂಜಿ

ಡಿಗ್ರಿ ಮಕ್ಕಳಿಗೆ ಸಂವಿಧಾನದ ತಿದ್ದುಪಡಿಗಳ ಪಾಠ ಮಾಡುವವರಿಗೆ ನನ್ನ ಕಷ್ಟ ಗೊತ್ತಿರುತ್ತದೆ. ಇಸವಿ ಉರು ಹೊಡೆಯುತ್ತಾರೆ, ಪರೀಕ್ಷೆ ಮುಗಿದ ಸಂಜೆಗೆ ಮರೆಯುತ್ತಾರೆ. ನಾನು ಒಂದೇ ವಿಧಿ ಹಿಡಿದೆ: 31, ಆಸ್ತಿ ಹಕ್ಕು. 1950ರ ಮೂಲ ಪಾಠವನ್ನು ಗೋಡೆಗೆ ಹಾಕಿ, ಪ್ರತಿ ತಿದ್ದುಪಡಿಯನ್ನೂ ಮಕ್ಕಳ ಕೈಯಲ್ಲೇ ಚೀಟಿ ಬರೆಸಿ ಅಂಟಿಸುವುದು. ಸ್ಟಾಫ್ ರೂಮಿನಲ್ಲಿ ನಕ್ಕರು. "ಎಂಥ ಮಾರಾಯ್ರೇ, ಒಂದು ವಿಧಿಗೆ ಆರು ಪೀರಿಯಡಾ? ಸಿಲಬಸ್ ಯಾರು ಮುಗಿಸುವುದು?"

ಮೊದಲ ವರ್ಷ ಮೈದಾ ಅಂಟು. ಮಳೆಗಾಲ ಬೇರೆ. ಶೀಟು ಸುಕ್ಕಾಯಿತು, 31ಎ ಚೀಟಿಯನ್ನು ಜಿರಲೆ ತಿಂದಿತು. ಜಮೀನ್ದಾರಿ ರದ್ದು ಕಾನೂನುಗಳನ್ನು ಕೋರ್ಟಿನಿಂದ ಉಳಿಸಲು 1951ರಲ್ಲಿ ತಂದ ವಿಧಿ ಅದು! ಮರುವರ್ಷ ಫ್ಲೆಕ್ಸ್ ಮಾಡಿಸಿದೆ. ಸುಮಾರು 900 ರೂಪಾಯಿ ಹೋಯಿತು. ಫ್ಲೆಕ್ಸ್‌ನಲ್ಲಿ ಎಲ್ಲ ಮೊದಲೇ ಅಚ್ಚಾಗಿರುತ್ತದೆ, ಮಕ್ಕಳು ಸುಮ್ನೆ ನೋಡಿದರು ಅಷ್ಟೇ. ನಡುವೆ ಸಂವಿಧಾನ ಸಭೆಯ ನಾಟಕವನ್ನೂ ಆಡಿಸಿದೆ. ಎಲ್ಲರಿಗೂ ಅಂಬೇಡ್ಕರರೇ ಆಗಬೇಕಿತ್ತು. ಅದನ್ನು ಅಲ್ಲಿಗೇ ಬಿಟ್ಟೆ.

ಮೂರನೇ ವರ್ಷ ಹೊಳೆಯಿತು. ಸಂಸತ್ತು ಹಾಕಿದ್ದನ್ನು ಕೋರ್ಟು ಕಿತ್ತು ಹಾಕುತ್ತದೆ, ಅಲ್ವಾ? ಅಂದ ಮೇಲೆ ಅಂಟು ಯಾಕೆ, ಗುಂಡುಸೂಜಿ ಸಾಕು. ಹಳೆ ಕ್ಯಾಲೆಂಡರಿನ ಹಿಂಬದಿ, ಥರ್ಮೋಕೋಲ್, ಸೂಜಿ ಎಲ್ಲ ಸೇರಿ 100 ರೂಪಾಯಿ ದಾಟಲಿಲ್ಲ.

1971ರ 25ನೇ ತಿದ್ದುಪಡಿಯ ದಿನ ಸರ್ಕಾರ ಆಸ್ತಿ ವಶಪಡಿಸಿಕೊಂಡಾಗ ಕೊಡಬೇಕಾದ "ಪರಿಹಾರ" ಅನ್ನುವ ಚೀಟಿ ತೆಗೆಸಿ "ಮೊತ್ತ" ಚುಚ್ಚಿಸಿದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಒಂದು ರೂಪಾಯಿ ಕೊಟ್ಟರೂ ಅದು ಮೊತ್ತವೇ ಅಲ್ವಾ?" ಆ ಪೀರಿಯಡ್ ಪೂರ್ತಿ ಅದರಲ್ಲೇ ಹೋಯಿತು. ಮರುದಿನ ಕೇಶವಾನಂದ ಭಾರತಿ ಪ್ರಕರಣ. ಅವರು ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ. ನಮ್ಮ ಕಡೆಯ ಮಕ್ಕಳಿಗೆ ಎಡನೀರು ಮಠ ಅಂದರೆ ಯಕ್ಷಗಾನ. ಆ ಮಠದ ಜಮೀನಿನ ಕೇಸಿಗೆ ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಕೂತು, 1973ರಲ್ಲಿ 7-6ರಿಂದ ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದರ ಬುನಾದಿಯನ್ನು, ಸಂಸತ್ತು ಮುಟ್ಟುವಂತಿಲ್ಲ ಅಂದರು ಎಂದರೆ ಯಾರೂ ನಂಬಲಿಲ್ಲ. 31ಸಿ ಅಂದರೆ, ಸಂಪತ್ತು ಕೆಲವರ ಕೈಯಲ್ಲೇ ಸೇರದಂತೆ ತಂದ ಕಾನೂನುಗಳನ್ನು ಕೋರ್ಟಿನಿಂದ ಉಳಿಸಲು 25ನೇ ತಿದ್ದುಪಡಿಯೇ ಸೇರಿಸಿದ ವಿಧಿ. ಅದರ ಒಂದು ಭಾಗವನ್ನು ಕೋರ್ಟು ತಳ್ಳಿಹಾಕಿತು, ನಾವೂ ಆ ಚೀಟಿಯನ್ನು ಅರ್ಧ ಕತ್ತರಿಸಿದೆವು. 1976ರಲ್ಲಿ 42ನೇ ತಿದ್ದುಪಡಿ ಅದನ್ನು ಮತ್ತೆ ಹಿಗ್ಗಿಸಿತು. ಬೆಂಗಳೂರಿನ ಮಿನರ್ವಾ ಮಿಲ್ಸ್ ಕೇಸಿನಲ್ಲಿ 1980ಕ್ಕೆ ಆ ಹಿಗ್ಗಿದ ಭಾಗವೂ ಹೋಯಿತು.

ಯಾವ ಚೀಟಿ ಯಾರ ಕೈಗೆ ಕೊಡಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಈ ಸಲ ಪರೀಕ್ಷೆಯಲ್ಲಿ 31ನೇ ವಿಧಿಯ ಪ್ರಶ್ನೆಗೆ ಮುಕ್ಕಾಲು ಪಾಲು ಮಕ್ಕಳು ಚೆನ್ನಾಗಿ ಬರೆದರು. ನಕ್ಕವರೇ ಥರ್ಮೋಕೋಲ್ ಎಲ್ಲಿ ಸಿಗುತ್ತದೆ ಅಂತ ಕೇಳಿಕೊಂಡು ಬಂದರು. ಬೋರ್ಡು ಇನ್ನೂ ಗೋಡೆಯಲ್ಲಿದೆ. 1978ರ 44ನೇ ತಿದ್ದುಪಡಿಗೆ 31 ಪೂರ್ತಿ ಕಿತ್ತು, ಮೂಲೆಯಲ್ಲಿ 300ಎ ಅಂತ ಸಣ್ಣ ಚೀಟಿ ಹಾಕಿದ್ದೇವೆ: ಆಸ್ತಿ ಹಕ್ಕು ಈಗ ಮೂಲಭೂತ ಹಕ್ಕಲ್ಲ, ಬರೀ ಕಾನೂನಿನ ಹಕ್ಕು. ನಡುವೆ ದೊಡ್ಡ ಖಾಲಿ ಜಾಗ, ಅದರ ಕೆಳಗೆ 31ಎ, 31ಬಿ, 31ಸಿ ಹಾಗೇ ನೇತಾಡುತ್ತಿವೆ.