ಸದನಕ್ಕೆ ಹೋದ ಸುಳ್ಳು ಉತ್ತರದ ಬೆನ್ನು ಹತ್ತಿದ ನನ್ನ ಅನುಭವ

ಸಚಿವರು ವಿಧಾನಮಂಡಲದಲ್ಲಿ ಮಂಡಿಸುವ ಲಿಖಿತ ಉತ್ತರ ಹುಟ್ಟುವುದು ವಿಧಾನಸೌಧದಲ್ಲಲ್ಲ. ಸದಸ್ಯರ ಪ್ರಶ್ನೆ ಇಲಾಖೆಯಿಂದ ಜಿಲ್ಲಾಧಿಕಾರಿಗಳ ಕಚೇರಿಗೆ, ಅಲ್ಲಿಂದ ತಾಲ್ಲೂಕು ಕಚೇರಿಗೆ ಇಳಿಯುತ್ತದೆ; ಕೆಳಗೆ ಸಿದ್ಧವಾದ ಮಾಹಿತಿ ಅದೇ ಹಾದಿಯಲ್ಲಿ ಮೇಲೇರುತ್ತದೆ. ನಮ್ಮೂರಿನ ಕೆರೆ ಒತ್ತುವರಿಯ ಕುರಿತು ವಿಧಾನ ಪರಿಷತ್ತಿನ ಸದಸ್ಯರೊಬ್ಬರು ಕೇಳಿದ್ದ ಚುಕ್ಕೆ ಗುರುತಿಲ್ಲದ (ಲಿಖಿತ ಉತ್ತರ ಮಾತ್ರ ದೊರೆಯುವ) ಪ್ರಶ್ನೆಗೆ ‘ಒತ್ತುವರಿಯನ್ನು ಸಂಪೂರ್ಣವಾಗಿ ತೆರವುಗೊಳಿಸಲಾಗಿದೆ’ ಎಂಬ ಉತ್ತರ ಬಂದಾಗ ಕೆರೆಯಂಗಳದಲ್ಲಿ ಅಡಿಕೆ ತೋಟ ಹಾಗೆಯೇ ನಿಂತಿತ್ತು.

ಉತ್ತರ ತಪ್ಪೆಂದು ತೋರಿಸಲು ಒಂದು ಛಾಯಾಚಿತ್ರ ಸಾಕಿತ್ತು. ಆದರೆ ತಪ್ಪು ಮಾಹಿತಿಯೆಲ್ಲವೂ ಹಕ್ಕುಚ್ಯುತಿ, ಅಂದರೆ ಸದನದ ವಿಶೇಷಾಧಿಕಾರದ ಉಲ್ಲಂಘನೆ, ಆಗುವುದಿಲ್ಲ. ಸದನವನ್ನು ಬೇಕೆಂದೇ ದಾರಿ ತಪ್ಪಿಸಲಾಗಿದೆ ಎಂಬುದಕ್ಕೆ ಆಧಾರ ಬೇಕು. ಆದ್ದರಿಂದ ನಾನು ಹುಡುಕಿದ್ದು ಒಂದೇ ವಿಷಯವನ್ನು: ಉತ್ತರದ ಕರಡಿಗೆ ಸಹಿ ಬಿದ್ದ ದಿನ ನಿಜಸಂಗತಿ ಯಾರ ಮೇಜಿನ ಮೇಲಿತ್ತು?

ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣದಡಿ ಪ್ರತಿ ಹಂತದ ಕಚೇರಿಗೂ ಬೇರೆ ಬೇರೆ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಹಾಗಾಗಿ ಕೇಳಿದ್ದನ್ನು ಚಿಕ್ಕದಾಗಿ, ಖಚಿತವಾಗಿ ಬರೆದೆ: ಪ್ರಶ್ನೆಯ ಸಂಖ್ಯೆ, ಅದಕ್ಕೆ ಉತ್ತರ ಸಿದ್ಧಪಡಿಸಿದ ಕಡತದ ಟಿಪ್ಪಣಿ ಹಾಳೆಗಳು, ಕೆಳಗಿನಿಂದ ಬಂದ ವರದಿ, ಸರ್ವೆ ನಕ್ಷೆ, ಮಹಜರು. ಒಂದು ಕಚೇರಿ, ಮಾಹಿತಿ ಕೊಟ್ಟರೆ ಸದನದ ಹಕ್ಕುಚ್ಯುತಿಯಾಗುತ್ತದೆಂದು 8(1)(ಸಿ) ಪ್ರಕರಣವನ್ನು ಮುಂದಿಟ್ಟು ನಿರಾಕರಿಸಿತು. ಉತ್ತರ ಈಗಾಗಲೇ ಸದನದಲ್ಲಿ ಮಂಡನೆಯಾಗಿರುವಾಗ ಅದಕ್ಕೆ ಆಧಾರವಾದ ಕಾಗದವನ್ನು ತೋರಿಸುವುದರಿಂದ ಸದನದ ಘನತೆಗೆ ಯಾವ ಕುಂದೂ ಬರುವುದಿಲ್ಲ, ಮುಚ್ಚಿಡುವುದರಿಂದಲೇ ಬರುತ್ತದೆ ಎಂದು 19(1)ರಡಿ ಮೊದಲ ಮೇಲ್ಮನವಿಯಲ್ಲಿ ವಾದಿಸಿದೆ. ಕಡತ ಪರಿಶೀಲನೆಗೆ ಅವಕಾಶ ದೊರೆಯಿತು.

ಆ ಕಡತವನ್ನು ನಾನು ಹಾಳೆ ಹಾಳೆಯಾಗಿ, ದಿನಾಂಕಗಳ ಕ್ರಮದಲ್ಲಿ ಓದಿದೆ. ಗ್ರಾಮ ಆಡಳಿತ ಅಧಿಕಾರಿ ತೋಟ ಇನ್ನೂ ತೆರವಾಗಿಲ್ಲವೆಂದು ಸರಿಯಾಗಿಯೇ ಬರೆದಿದ್ದರು. ಭೂಮಾಪಕರು ಒತ್ತುವರಿಯ ಭಾಗವನ್ನು ನಕ್ಷೆಯಲ್ಲಿ ಗುರುತಿಸಿ ಸಹಿ ಮಾಡಿದ್ದರು. ಕಡತವನ್ನು ನೋಡಿಕೊಳ್ಳುವ ಗುಮಾಸ್ತರಾದ ವಿಷಯ ನಿರ್ವಾಹಕರ ಟಿಪ್ಪಣಿಯಲ್ಲಿಯೂ ‘ಭಾಗಶಃ’ ಎಂದೇ ಇತ್ತು. ಮುಂದಿನ ಹಂತದಲ್ಲಿ, ಹೊಸ ಸ್ಥಳ ತನಿಖೆಯಾಗಲಿ ಹೊಸ ಮಹಜರಾಗಲಿ ಇಲ್ಲದೆಯೇ, ಆ ಪದದ ಜಾಗಕ್ಕೆ ‘ಸಂಪೂರ್ಣ’ ಬಂದಿತ್ತು. ಅದರ ಕೆಳಗೆ ಹಿರಿಯ ಅಧಿಕಾರಿಯ ಸಹಿಯಿತ್ತು. ಇಂಥ ಪ್ರಕರಣಗಳಲ್ಲಿ ನೋಟಿಸು ಸಾಮಾನ್ಯವಾಗಿ ತಲುಪುವುದು ಕೆಳಗಿನ ನೌಕರರಿಗೆ. ಇಲ್ಲಿ ಅವರನ್ನು ಕಾಪಾಡಿದ್ದು ಅವರೇ ಬರೆದಿಟ್ಟ ಟಿಪ್ಪಣಿ, ಮತ್ತು ಅದು ನನಗೆ ಬಹಳ ಸಮಾಧಾನ ಕೊಟ್ಟ ಸಂಗತಿ.

ದೃಢೀಕೃತ ಪ್ರತಿಗಳನ್ನು ಜೋಡಿಸಿ, ಉತ್ತರದ ವಾಕ್ಯವನ್ನೂ ಕಡತದ ವಾಕ್ಯವನ್ನೂ ದಿನಾಂಕಸಹಿತ ಅಕ್ಕಪಕ್ಕ ಬರೆದು, ಪ್ರಶ್ನೆ ಕೇಳಿದ ಸದಸ್ಯರಿಗೇ ಒಪ್ಪಿಸಿದೆ. ಸಂವಿಧಾನದ 194ನೇ ವಿಧಿಯಡಿ ವಿಶೇಷಾಧಿಕಾರ ಇರುವುದು ಸದನಕ್ಕೆ ಮತ್ತು ಅದರ ಸದಸ್ಯರಿಗೆ. ನಾಗರಿಕರು ಸಾಕ್ಷ್ಯ ಒದಗಿಸಬಹುದು, ಸೂಚನೆ ಕೊಡಬೇಕಾದವರು ಸದಸ್ಯರು. ನಮ್ಮ ವಿಧಾನಸಭೆ 2017ರಲ್ಲಿ ಇಬ್ಬರು ಪತ್ರಿಕಾ ಸಂಪಾದಕರಿಗೆ ಇದೇ ಅಧಿಕಾರದಡಿ ಒಂದು ವರ್ಷದ ಜೈಲುಶಿಕ್ಷೆ ವಿಧಿಸಿತ್ತು. ಟೀಕಿಸಿದವರ ಮೇಲೆ ತೋರಿದ ಆ ಕಾಠಿಣ್ಯವನ್ನು ಸದನಕ್ಕೇ ಸುಳ್ಳು ಹೇಳಿದವರ ಮೇಲೆ ತೋರುವುದು ನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ.

ಸದಸ್ಯರು ಸಭಾಪತಿಯವರಿಗೆ ಹಕ್ಕುಚ್ಯುತಿಯ ಸೂಚನೆ ಸಲ್ಲಿಸಿದರು. ಇಲಾಖೆಯಿಂದ ವಿವರಣೆ ಕೇಳಲಾಯಿತು. ವಿಷಯ, ಹಕ್ಕುಚ್ಯುತಿಯ ದೂರುಗಳನ್ನು ಪರಿಶೀಲಿಸುವ ಹಕ್ಕುಬಾಧ್ಯತಾ ಸಮಿತಿಯವರೆಗೆ ಹೋಗುವ ಮೊದಲೇ ಇಲಾಖೆ ಪರಿಷ್ಕೃತ ಉತ್ತರ ಕೊಟ್ಟು, ಒತ್ತುವರಿ ಉಳಿದಿದೆಯೆಂದು ಒಪ್ಪಿಕೊಂಡು, ತೆರವಿನ ಭರವಸೆ ನೀಡಿತು. ಆ ಭರವಸೆಯ ಈಡೇರಿಕೆಯನ್ನು ಸರ್ಕಾರಿ ಭರವಸೆಗಳ ಸಮಿತಿ ಗಮನಿಸಬೇಕೆಂದು ಸದಸ್ಯರು ಪತ್ರ ಬರೆದಿದ್ದಾರೆ. ಪದ ಬದಲಿಸಿದ ಅಧಿಕಾರಿಯ ಮೇಲೆ ಸರ್ಕಾರಿ ನೌಕರರ ಶಿಸ್ತುಕ್ರಮಕ್ಕೆ ಸಂಬಂಧಿಸಿದ 1957ರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳಡಿ ಇಲಾಖಾ ವಿಚಾರಣೆ ನಡೆಸಬೇಕೆಂದು ನಾನು ಕೊಟ್ಟ ಮನವಿ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಅದರ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಗಳನ್ನು ಕೇಳಿ ಈಗ ಅರ್ಜಿ ಸಲ್ಲಿಸಿದ್ದೇನೆ.